29ಕ್ಕೇ ಬಿಪಿ ಬಂದಿದೆ, ಅನುಭವ ಇದ್ದವರು ಹೇಳಿ ಅಕ್ಕಂದಿರೇ

ನನಗೆ 29, ಗಂಗಾವತಿ. ಎರಡನೇ ಹೆರಿಗೆ ಆಗಿ ಎಂಟು ತಿಂಗಳು. ಬಸುರಿ ಇದ್ದಾಗ ಏಳನೇ ತಿಂಗಳಲ್ಲಿ ಬಿಪಿ ಏರಿ ಕಾಲು ಬಾತಿದ್ದವು. ಹೆರಿಗೆ ಆದಮೇಲೆ ಗುಳಿಗೆ ನಿಲ್ಲಿಸಿದರು. ಮೊನ್ನೆ ತಲೆನೋವು ಅಂತ ಹೋದರೆ 150/96, ಎರಡು ದಿನ ಬಿಟ್ಟು ನೋಡಿದರೂ ಅಷ್ಟೇ. ಮನೆಯಲ್ಲಿ ನಿದ್ದೆ ಕಡಿಮೆ ಆಗಿದೆ, ಈ ವಯಸ್ಸಿಗೆ ಎಂಥ ಬಿಪಿ ಅಂತಾರೆ. ಗುಳಿಗೆ ಶುರು ಮಾಡಿದರೆ ಸಾಯೋವರೆಗೂ ಬಿಡೋಕಾಗಲ್ಲ ಅಂತ ನನಗೂ ಹೆದರಿಕೆ. ಏನು ಮಾಡಲಿ?

ಬಳ್ಳಾರಿಯಿಂದ:
ತಂಗಿ, ನನಗೂ ಮೊದಲನೇ ಹೆರಿಗೆಯಲ್ಲಿ ಹಿಂಗೇ ಆಗಿತ್ತು. ಮಗು ಹುಟ್ಟಿತು, ಬಿಪಿ ಹೋಯಿತು ಅಂದುಕೊಂಡು ನಾಲ್ಕು ವರ್ಷ ಒಮ್ಮೆಯೂ ನೋಡಿಸಲಿಲ್ಲ. ಜೀನ್ಸ್ ಹೊಲಿಯೋ ಕೆಲಸ ನನ್ನದು, ಮಷಿನ್ ಮುಂದೆ ಕೂತಾಗ ಬೆನ್ನಿನ ನಡುವೆ ನೋವು, ಮೆಟ್ಟಿಲು ಹತ್ತಿದರೆ ಏದುಸಿರು. ಬಗ್ಗಿ ಕೂರೋದಕ್ಕೆ, ಗ್ಯಾಸಿಗೆ ಅಂತ ಸೋಡಾ ಕುಡಿದು ಸುಮ್ನೆ ಇದ್ದೆ. ಕೊನೆಗೆ ಹೋದಾಗ 180/110. ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಿದರೆ ಹೃದಯದ ಗೋಡೆ ದಪ್ಪ ಆಗಿತ್ತು. ಆಗ ನನಗೆ 32. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಬಸುರಿ ಇದ್ದಾಗ ಬಿಪಿ ಇತ್ತಾ ಅಂತ. ಹಾಗೆ ಬಸುರಿಯಲ್ಲಿ ಬಿಪಿ ಏರಿ ಗರ್ಭನಂಜು (ಪ್ರಿಎಕ್ಲಾಂಪ್ಸಿಯಾ) ಆದವರಿಗೆ ಮುಂದೆ ಹೃದಯದ ಕಾಯಿಲೆ ಬರೋ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟಂತೆ. ಹೆರಿಗೆಯಾಗಿ ಮನೆಗೆ ಕಳಿಸುವಾಗ ಈ ಮಾತು ಯಾರೂ ಹೇಳಿರಲಿಲ್ಲ, ಅದಕ್ಕೇ ಇಷ್ಟು ಬರೀತಿದ್ದೇನೆ.

ಈಗ ಗುಳಿಗೆ ತಗೊಂಡು 126/80 ಇದೆ. ಗುಳಿಗೆಗೆ ಹೆದರಬೇಡ. ಆದರೆ ಅತ್ತೆಯ ಡಬ್ಬಿಯಿಂದ ತೆಗೆದು ನುಂಗಬೇಡ. ಮಗುವಿಗೆ ಹಾಲು ಕುಡಿಸ್ತಿದ್ದೀಯ ಅಂತ ಹೇಳಿಯೇ ಬರೆಸಿಕೋ. ಇನ್ನೊಂದು ಮಗು ಬೇಕು ಅನ್ನೋದಿದ್ದರೆ ಅದನ್ನೂ ಮೊದಲೇ ಹೇಳು, ಟೆಲ್ಮಿಸಾರ್ಟನ್‌ನಂಥ ಬಿಪಿ ಗುಳಿಗೆ ಬಸುರಿಯರಿಗೆ ಕೊಡುವಂತಿಲ್ಲ.

ರಾಯಚೂರಿನಿಂದ:
ನೋಡಿಸೋ ಮುಂಚೆ ಐದು ನಿಮಿಷ ಬೆನ್ನು ಆನಿಸಿ ಕೂತಿರಿ, ಅದಕ್ಕೂ ಅರ್ಧ ಗಂಟೆ ಮುಂಚೆ ಚಹಾ ಬೇಡ. ತೋಳು ದಪ್ಪ ಇದ್ದು ತೋಳಿಗೆ ಸುತ್ತುವ ಪಟ್ಟಿ ಸಣ್ಣದಾದರೆ ಬಿಪಿ ಜಾಸ್ತಿ ತೋರಿಸುತ್ತೆ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ. ನಮ್ಮ ಕಡೆ ರೊಟ್ಟಿ ಜೊತೆ ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ, ಸಂಜೆ ಮಿರ್ಚಿ ಮಂಡಕ್ಕಿ, ಇಷ್ಟರಲ್ಲೇ ಅದು ಮುಗಿದುಹೋಗುತ್ತೆ ಅಲ್ವಾ? ನಾನು ಸಾರಿಗಿಂತ ಮೊದಲು ಇವನ್ನೇ ಕಡಿಮೆ ಮಾಡಿದೆ.

ಕೊಪ್ಪಳದಿಂದ, ಆಶಾ ಕಾರ್ಯಕರ್ತೆ:
ನಾವು ಬಿಪಿ, ಶುಗರ್ ಅಂತ ಮನೆಮನೆಗೆ ಬರೆದುಕೊಳ್ಳೋದು 30 ದಾಟಿದವರದ್ದು. ನಿಮಗೆ 29, ನಮ್ಮ ಪಟ್ಟಿಗೇ ಬರಲ್ಲ. ಹಾಗಾಗಿ ಕಾಯಬೇಡಿ, ನೀವೇ ಆಸ್ಪತ್ರೆಗೆ ಹೋಗಿ, ತಾಯಿ ಕಾರ್ಡ್ ತಗೊಂಡು ಹೋಗಿ, ಬಸುರಿಯಿದ್ದಾಗಿನ ಬಿಪಿ ಅದರಲ್ಲಿರುತ್ತೆ. ಮಕ್ಕಳಾಗದಂತೆ ಮಾಲಾ-ಎನ್ ತಗೋತಿದ್ದರೆ ಡಾಕ್ಟರಿಗೆ ಹೇಳಿ, ಅದರ ಹಾರ್ಮೋನಿನಿಂದ ಬಿಪಿ ಏರಬಹುದು. ಕಾಪರ್-ಟಿಯಲ್ಲಿ ಹಾರ್ಮೋನು ಇಲ್ಲ. ತಲೆ ಸಿಡಿದು ಕಣ್ಣು ಮಂಜಾದರೆ, ಎದೆ ಬಿಗಿದರೆ, ದವಡೆಗೋ ಬೆನ್ನಿಗೋ ನೋವು ಬಂದು ಬೆವರಿದರೆ ಬೆಳಗಾಗಲಿ ಅನ್ನಬೇಡಿ, 108ಕ್ಕೆ ಫೋನ್ ಮಾಡಿ.