ಚೈಲ್ಡ್ ಸಪೋರ್ಟ್‌ಗೆ 'ಜೀವನಾಂಶ' ಸಾಕೇ?

ಎಲ್ಲರಿಗೂ ನಮಸ್ಕಾರ,

ನಾನಿರುವುದು ಟೆಕ್ಸಾಸ್‌ನಲ್ಲಿ. ಇಲ್ಲಿ ಪರಿಚಯದ ಹುಡುಗನೊಬ್ಬನಿಗೆ ವಿಚ್ಛೇದನ ಆಯಿತು. ಇಬ್ಬರು ಮಕ್ಕಳೂ ತಾಯಿಯ ಹತ್ತಿರ ಇದ್ದಾರೆ. ಕೋರ್ಟಿನ ಆದೇಶವನ್ನು ಊರಲ್ಲಿರುವ ಅವನ ಅಮ್ಮನಿಗೆ ಫೋನಿನಲ್ಲಿ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿದ್ದ ಚೈಲ್ಡ್ ಸಪೋರ್ಟ್‌ಗೆ, ಅಂದರೆ ಮಕ್ಕಳ ಖರ್ಚಿಗೆ ಅವನು ತಿಂಗಳು ತಿಂಗಳು ಕೊಡಬೇಕಾದ ಹಣಕ್ಕೆ, 'ಜೀವನಾಂಶ' ಅಂದೆ. ತಕ್ಷಣ ಕೇಳಿದರು: "ಅವಳಿಗೆ ಇವನಿಗಿಂತ ಜಾಸ್ತಿ ಸಂಬಳ ಬರುತ್ತೆ ಕಣಪ್ಪ, ಅವಳಿಗ್ಯಾಕೆ ಜೀವನಾಂಶ?"

ತಪ್ಪು ಅವರದಲ್ಲ. ಜೀವನಾಂಶ ಅಂದರೆ ನಮಗೆ ಮೊದಲು ನೆನಪಾಗುವುದು ಹೆಂಡತಿ. ನಮ್ಮ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲೂ ಹೆಂಡತಿಗೆ 18ನೇ ಕಲಂ, ಮಕ್ಕಳಿಗೆ 20ನೇ ಕಲಂ. ಹೆಸರು ಮಾತ್ರ ಎರಡಕ್ಕೂ ಒಂದೇ.

ಟೆಕ್ಸಾಸ್‌ನಲ್ಲಿ ಇವು ಬೇರೆ ಬೇರೆ. ಚೈಲ್ಡ್ ಸಪೋರ್ಟನ್ನು ಮಕ್ಕಳು ಯಾರ ಜೊತೆ ಇಲ್ಲವೋ ಅವರ ಆದಾಯದ ಮೇಲೆ ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ ಒಂದು ಮಗುವಿಗೆ ಶೇ 20, ಎರಡಕ್ಕೆ ಶೇ 25, ಮೂರಕ್ಕೆ ಶೇ 30. ಈ ಶೇಕಡಾ ಲೆಕ್ಕದಲ್ಲಿ ತಾಯಿಯ ಸಂಬಳದ ಮಾತೇ ಬರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಾದರೆ ಇಬ್ಬರ ಆದಾಯವನ್ನೂ, ಮಗು ಯಾರ ಹತ್ತಿರ ಎಷ್ಟು ಹೊತ್ತು ಇರುತ್ತದೆ ಅನ್ನುವುದನ್ನೂ ನೋಡುತ್ತಾರೆ.

ಇನ್ನೊಂದು ತೊಡಕು 'ನೆಟ್ ರಿಸೋರ್ಸಸ್' ಅನ್ನುವ ಮಾತಿನದು; ಆ ಶೇಕಡಾ ಲೆಕ್ಕಕ್ಕೆ ಹಿಡಿಯುವ ಆದಾಯಕ್ಕೆ ಟೆಕ್ಸಾಸ್ ಕಾನೂನಿನಲ್ಲಿರುವ ಹೆಸರು ಅದು. 'ಕೈಗೆ ಬರುವ ಸಂಬಳ' ಅಂದುಬಿಟ್ಟೆ. ಅದು ತಪ್ಪು. ಆದಾಯ ತೆರಿಗೆ, ಸೋಶಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿಗೆ ಕಡಿತವಾಗುವ ಹಣ), ಮಕ್ಕಳ ಆರೋಗ್ಯ ವಿಮೆ ಇವನ್ನು ಕಳೆಯುತ್ತಾರೆ. ತಾನಾಗಿ 401ಕೆಗೆ (ಕೆಲಸದ ಕಡೆಯ ನಿವೃತ್ತಿ ಉಳಿತಾಯ ಖಾತೆ) ಹಾಕುವ ಉಳಿತಾಯವನ್ನು ಕಳೆಯುವುದಿಲ್ಲ. ಬ್ಯಾಂಕಿಗೆ ಬರುವುದು 7,200 ಡಾಲರ್, 401ಕೆಗೆ ಹೋಗುವುದು 800 ಅಂದುಕೊಳ್ಳಿ. ಲೆಕ್ಕ ಆಗುವುದು 8,000ದ ಮೇಲೆ. ಎರಡು ಮಕ್ಕಳಿಗೆ ತಿಂಗಳಿಗೆ 2,000. ಮನೆ ಬಾಡಿಗೆ ಬಂದರೆ ಅದೂ ಸೇರುತ್ತದೆ. ಹಾಗಾಗಿ 'ಸಂಬಳ' ಅನ್ನುವ ಪದವೇ ಇಲ್ಲಿ ಸಾಲದು. 'ನಿವ್ವಳ ಆದಾಯ' ಸರಿ ಅನಿಸುತ್ತದೆ, ಆದರೆ ಏನೇನು ಕಳೆದು ನಿವ್ವಳ ಅಂತ ಜೊತೆಗೇ ಹೇಳಬೇಕು.

ಮತ್ತೆ ಮೊದಲ ಪದಕ್ಕೆ ಬರುತ್ತೇನೆ. 'ಮಕ್ಕಳ ನೆರವು' ಅಂದರೆ ಅಪ್ಪ ದೊಡ್ಡ ಮನಸ್ಸು ಮಾಡಿ ಕೊಟ್ಟ ಹಾಗೆ ಕೇಳುತ್ತದೆ. ಇದು ಮಕ್ಕಳ ಹಕ್ಕು, ಅಲ್ವಾ? 'ಪೋಷಣಾ ವೆಚ್ಚ' ಅಂದರೆ ಬಿಲ್ಲು ತೋರಿಸಿ ಪಡೆಯುವ ಹಣ ಅನಿಸುತ್ತದೆ. 'ಮಕ್ಕಳ ಪಾಲು' ಅಂದರೆ ಆಸ್ತಿಯ ಕಡೆಗೆ ಹೋಗುತ್ತದೆ. ಕೊನೆಗೆ "ಮಕ್ಕಳ ಅನ್ನ ಬಟ್ಟೆಗೆ, ಓದಿಗೆ ಅಪ್ಪ ಕೊಡಬೇಕಾದ ದುಡ್ಡು" ಅಂದೆ. "ಹಾಗಾದ್ರೆ ಕೊಡಲೇಬೇಕು ಬಿಡಪ್ಪ" ಅಂದರು ಆ ತಾಯಿ.

ಅಷ್ಟುದ್ದದ ಮಾತನ್ನು ಒಂದು ಪದಕ್ಕೆ ಇಳಿಸಬಹುದೇ? ಸದ್ಯಕ್ಕೆ 'ಮಕ್ಕಳ' ಅನ್ನುವುದನ್ನು ಬಿಡದೆ 'ಮಕ್ಕಳ ಜೀವನಾಂಶ' ಎಂದೇ ಪೂರ್ತಿ ಹೇಳುತ್ತಿದ್ದೇನೆ. ಮರಾಠಿಯಲ್ಲಿ ಜೀವನಾಂಶಕ್ಕೆ 'ಪೋಟಗಿ' ಅನ್ನುತ್ತಾರೆ. ಬೆಳಗಾವಿ ಕಡೆಯವರೇ, ನಿಮ್ಮ ಮಾತಿನಲ್ಲೂ ಅದು ಇದೆಯೇ? ಇದ್ದರೆ ಮಕ್ಕಳಿಗೂ ಹೇಳುತ್ತೀರಾ, ಹೆಂಡತಿಗೆ ಮಾತ್ರವೇ?