ಅಮ್ಮ, ಮಗಳ ಜೊತೆ ‘ಕುರುಕ್ಷೇತ್ರ’ ನಾಟಕಕ್ಕೆ: ಇಡೀ ದಿನ ಕೂರೋಕೆ ಆಗುತ್ತಾ?

ಪ್ರಶ್ನೆ

ಬರುವ ಭಾನುವಾರ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ‘ಕುರುಕ್ಷೇತ್ರ’ ಪೌರಾಣಿಕ ನಾಟಕ ಇದೆ. ಬೆಳಿಗ್ಗೆ 10ಕ್ಕೆ ಶುರುವಾದರೆ ರಾತ್ರಿವರೆಗೂ ನಡೆಯುತ್ತದಂತೆ. ಅಮ್ಮನಿಗೆ 74 ವರ್ಷ, ಗುಬ್ಬಿ ಕಡೆಯವರು. ವಿಷಯ ಕೇಳಿದಾಗಿನಿಂದ ಅಡುಗೆಮನೆಯಲ್ಲಿ ಏನೋ ಗುನುಗುತ್ತಿದ್ದಾರೆ. ಮಗಳಿಗೆ 8. ಅವಳು ನೋಡಿರುವುದು ಶಾಲೆಯ ನಾಟಕ ಮಾತ್ರ. ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋಗಬೇಕು ಅಂತ ತುಂಬಾ ಆಸೆ. ಎಷ್ಟು ಹೊತ್ತು ಕೂರಬಹುದು? ಎಲ್ಲಿ ಕೂತರೆ ಚೆನ್ನ? ನೋಡಿದವರು ಹೇಳಿ.

ಉತ್ತರ 1

ನಮ್ಮ ತಂದೆ ತುರುವೇಕೆರೆ ಕಡೆ ಹಳ್ಳಿಗಳಲ್ಲಿ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ನಾನು ಅವರ ಪಕ್ಕ ಕೂತೇ ಬೆಳೆದವನು. ಖಂಡಿತ ಕರೆದುಕೊಂಡು ಹೋಗಿ. ಆದರೆ ಸಿನಿಮಾ ಥರ ಮೊದಲಿನಿಂದ ಕೊನೆವರೆಗೂ ಕೂರಲೇಬೇಕು ಅಂದುಕೊಳ್ಳಬೇಡಿ. ಹಳ್ಳಿಯಲ್ಲಿ ರಾತ್ರಿಯಿಡೀ ಆಡುವ ನಾಟಕ ಇದು. ಜನ ಚಾಪೆ ಹಾಸಿಕೊಂಡು ಕೂರುತ್ತಿದ್ದರು, ನಿದ್ದೆ ಬಂದರೆ ಅಲ್ಲೇ ಮಲಗುತ್ತಿದ್ದರು, ಒಳ್ಳೆ ಹಾಡು ಎತ್ತಿದರೆ ಎದ್ದು ಕೂರುತ್ತಿದ್ದರು. ಕಲಾಕ್ಷೇತ್ರದಲ್ಲೂ ಎದ್ದು ಹೋಗಿ ಊಟ ಮಾಡಿ ಬರಬಹುದು, ಯಾರೂ ಏನೂ ಅನ್ನಲ್ಲ.

ಮಗಳಿಗೆ ಒಂದು ಮಾತು ಮೊದಲೇ ಹೇಳಿಬಿಡಿ. ಕೃಷ್ಣ ಒಬ್ಬನೇ ಇರಲ್ಲ. ಒಂದನೇ ಕೃಷ್ಣ, ಎರಡನೇ ಕೃಷ್ಣ ಅಂತ ಪಾತ್ರ ಹಂಚಿಕೊಂಡಿರುತ್ತಾರೆ. ಹಗಲೆಲ್ಲ ಹೊಲ, ಅಂಗಡಿ, ಆಫೀಸು ಅಂತ ದುಡಿಯುವವರು ಕೈಯಿಂದ ದುಡ್ಡು ಹಾಕಿ, ತಿಂಗಳುಗಟ್ಟಲೆ ರಾತ್ರಿ ಹೊತ್ತು ಕಲಿತು ವೇಷ ಕಟ್ಟುತ್ತಾರೆ. ಎಲ್ಲರಿಗೂ ಹಾಡೋಕೆ ಸಿಗಬೇಕು ಅಲ್ವಾ? ನನ್ನ ಮಗ ಸಣ್ಣವನಿದ್ದಾಗ ‘ಮೊದಲಿನ ಕೃಷ್ಣ ಎಲ್ಲಿ ಹೋದ?’ ಅಂತ ಅತ್ತೇಬಿಟ್ಟಿದ್ದ.

ಹಾರ್ಮೋನಿಯಂ ಕಾಣುವ ಕಡೆ, ಮುಂದಿನ ಸಾಲುಗಳಲ್ಲಿ ಕೂರಿ. ಸ್ಪೀಕರ್ ಎದುರು ಮಾತ್ರ ಬೇಡ, ಅಮ್ಮನಿಗೆ ಕಷ್ಟವಾಗುತ್ತದೆ. ಮೇಷ್ಟ್ರ ಕೈ ನೋಡಿ. ಪಾತ್ರಧಾರಿ ಶ್ರುತಿ ಬಿಟ್ಟರೆ ಅವರು ಆ ಸ್ವರವನ್ನೇ ಒತ್ತಿ ಹಿಡಿಯುತ್ತಾರೆ, ಅವನು ಬಂದು ಸೇರುವವರೆಗೂ ಬಿಡಲ್ಲ. ಪದ್ಯ ಮರೆತರೆ ಬೆರಳು ನಿಲ್ಲಿಸದೆ ಸಾಲು ಎತ್ತಿಕೊಡುತ್ತಾರೆ. ನನಗೆ ಅರ್ಧ ನಾಟಕ ಅಲ್ಲೇ ಇದೆ.

ಕರ್ಣ ಮತ್ತು ಕುಂತಿಯ ದೃಶ್ಯ ಮಾತ್ರ ಬಿಡಬೇಡಿ.

ಉತ್ತರ 2

ಗುಬ್ಬಿ ಕಡೆಯವರು ಅಂದಿರಲ್ಲ, ಅಮ್ಮನನ್ನು ಮಾತಿಗೆ ಎಳೆಯಿರಿ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಶುರುವಾದ ಊರು ಅದು. 1934ರಲ್ಲಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ಅದೇ ಕಂಪನಿ ‘ಕುರುಕ್ಷೇತ್ರ’ ಆಡಿದಾಗ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದಿದ್ದರು. ಆ ಕಡೆಯ ಮನೆಗಳಲ್ಲಿ ನಾಟಕದ ಕಥೆ ಒಂದಾದರೂ ಇರುತ್ತದೆ. ಒಂದು ಶಾಲು ಇಟ್ಟುಕೊಳ್ಳಿ, ಚಿತ್ರಾನ್ನ ಕಟ್ಟಿಕೊಂಡು ಹೋಗಿ, ಹೊರಗೆ ಕೂತು ತಿನ್ನಬಹುದು.

ಪ್ರಶ್ನೆ ಕೇಳಿದವರು

ಹೋಗಿಬಂದೆವು. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಧ್ಯಾಹ್ನ 3ಕ್ಕೆ ಹೊರಡೋಣ ಅಂದುಕೊಂಡಿದ್ದೆ, ಮನೆಗೆ ಬಂದಾಗ ರಾತ್ರಿ 9 ಆಗಿತ್ತು. ಎರಡನೇ ಕೃಷ್ಣ ಬಂದ ಕೂಡಲೇ ಮಗಳು ‘ಅಜ್ಜಿ, ಬಂದ!’ ಅಂತ ಎದ್ದು ನಿಂತಳು.

ಕರ್ಣನ ದೃಶ್ಯದಲ್ಲಿ ಅಮ್ಮ ತುಟಿಯಲ್ಲೇ ಹಾಡುತ್ತಿದ್ದರು, ವೇದಿಕೆ ಮೇಲಿನ ಕರ್ಣನಿಗಿಂತ ಅರ್ಧ ಸಾಲು ಮುಂದೆ. ಅವರ ಅಣ್ಣ ಊರಲ್ಲಿ ಕರ್ಣನ ವೇಷ ಕಟ್ಟುತ್ತಿದ್ದರಂತೆ. ಲಾಂದ್ರ ಹಿಡಿದು ಅವರಿಂದ ಪದ್ಯ ಒಪ್ಪಿಸಿಕೊಳ್ಳುತ್ತಿದ್ದದ್ದು ಅಮ್ಮನೇ. ಇಷ್ಟು ವರ್ಷ ನನಗೆ ಇದು ಗೊತ್ತೇ ಇರಲಿಲ್ಲ. ಮಗಳು ವೇದಿಕೆ ಬಿಟ್ಟು ಅಜ್ಜಿಯ ಬಾಯನ್ನೇ ನೋಡುತ್ತಿದ್ದಳು.