ಖಿನ್ನತೆಯ ಮಾತ್ರೆಯನ್ನು ಎಂಟೇ ದಿನಕ್ಕೆ ಬಿಟ್ಟ ಅಣ್ಣ: ಅನುಭವ ಇದ್ದವರು ದಯವಿಟ್ಟು ಹೇಳಿ

ಕೇಳಿದವರು, ಸೋಮವಾರಪೇಟೆ ಕಡೆಯಿಂದ

ಅಣ್ಣನಿಗೆ 51 ವರ್ಷ. ಐದು ಎಕರೆ ಅರೇಬಿಕಾ ಕಾಫಿ, ಮರಗಳಿಗೆಲ್ಲ ಮೆಣಸಿನ ಬಳ್ಳಿ. ಜುಲೈ ನಡುವಿನ ಕಕ್ಕಡದ ಮಳೆ ಹಿಡಿದಾಗಿನಿಂದ ಮನುಷ್ಯ ತೋಟಕ್ಕೆ ಇಳಿದಿಲ್ಲ. ಬೆಳಗಿನ ಜಾವ ಮೂರಕ್ಕೇ ಎದ್ದು ಜಗಲಿಯಲ್ಲಿ ಕೂತಿರುತ್ತಾನೆ. ಊಟ ಎರಡು ತುತ್ತು. ಮಳೆ ಬಿಟ್ಟರೆ ಸರಿಹೋಗ್ತಾನೆ ಅಂದುಕೊಂಡೆವು. ಮಳೆ ಬಿಟ್ಟು ಕಾಫಿ ಹಣ್ಣಾಗುತ್ತಾ ಬಂತು, ಅವನು ಹಾಗೇ ಇದ್ದಾನೆ. ‘ನನ್ನಿಂದ ನಿಮಗೆಲ್ಲ ತೊಂದರೆ’ ಅಂತಾನೆ. ಡಾಕ್ಟರು ಖಿನ್ನತೆ ಅಂತ ಹೇಳಿ ಎಸಿಟಲೊಪ್ರಾಮ್ ಬರೆದುಕೊಟ್ಟರು. ಹೊಟ್ಟೆ ತೊಳಸುತ್ತೆ, ಪ್ರಯೋಜನವೂ ಇಲ್ಲ ಅಂತ ಎಂಟು ದಿನಕ್ಕೆ ಬಿಟ್ಟ. ಚಿಕ್ಕಪ್ಪ ಇದು ಸೋಮಾರಿತನ ಅಂತಾರೆ, ಅತ್ತಿಗೆ ಕಡೆಯವರು ಜೋಯಿಸರ ಹತ್ತಿರ ಹೋಗೋಣ ಅಂತಾರೆ. ಈ ಮಾತ್ರೆ ಚಟವಾಗುತ್ತಾ? ಜೀವನಪೂರ್ತಿ ನುಂಗಬೇಕಾ? ನಿಮ್ಮ ಮನೆಗಳಲ್ಲಿ ಹೇಗೆ ನಿಭಾಯಿಸಿದಿರಿ?

ವಿರಾಜಪೇಟೆ ಕಡೆಯ ಬೆಳೆಗಾರರು

ತಂಗಿ, ನಿಮ್ಮ ಅಣ್ಣ ಈಗ ಕೂತಿರುವ ಹಾಗೆಯೇ 2019ರಲ್ಲಿ ನಾನು ನಮ್ಮ ಜಗಲಿಯಲ್ಲಿ ಕೂತಿದ್ದೆ. ಬೆಳಗಿನ ಮೂರು ಗಂಟೆ ಅನ್ನೋದೂ ಅದೇ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮೊದಲು ಸೋಮಾರಿತನದ ಮಾತು. ಸೋಮಾರಿಗೆ ಮಲಗಿದರೆ ಸುಖ ಸಿಗುತ್ತೆ. ನನಗೆ ಮಲಗಿದರೂ ಸುಖ ಇರಲಿಲ್ಲ. ದುಃಖ ಅಂತಾರಲ್ಲ, ಅದೂ ಇರಲಿಲ್ಲ, ಅತ್ತಿದ್ದರೆ ಎಷ್ಟೋ ಹಗುರ ಆಗ್ತಿತ್ತು. ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಕಾಫಿ ಹೂ ಬಿಟ್ಟು ತೋಟವೆಲ್ಲ ಬೆಳ್ಳಗಾಗುತ್ತಲ್ಲ, ಆ ವಾಸನೆಗೆ ನಾನು ಮೂವತ್ತು ವರ್ಷ ಕಾದವನು. ಆ ಸಲ ಎದ್ದು ಹೋಗಿ ಕಿಟಕಿ ಮುಚ್ಚಿದೆ. ವಾಸನೆ ಬೇಡ ಅಂತಲ್ಲ, ಅದು ನನ್ನೊಳಗೆ ಎಲ್ಲೂ ತಾಗುತ್ತಲೇ ಇರಲಿಲ್ಲ.

2018ರ ಆಗಸ್ಟಿನಲ್ಲಿ ನಮ್ಮ ಬರೆ, ಅಂದರೆ ಗುಡ್ಡದ ಇಳಿಜಾರು, ಜರಿದು ಒಂದು ಭಾಗ ತೋಟ ಹೋಗಿತ್ತು. ಅದರಿಂದಲೇ ಹೀಗಾಯ್ತು ಅಂತ ಎಲ್ಲರೂ ಹೇಳಿದರು. ಆದರೆ ನನಗಿಂತ ಹೆಚ್ಚು ಕಳೆದುಕೊಂಡ ನನ್ನ ತಮ್ಮ ಮರುತಿಂಗಳೇ ಗುಂಡಿ ತೋಡಿಸಿ ಗಿಡ ನೆಡಿಸಿದ. ನಮ್ಮ ಅಜ್ಜ ಒಮ್ಮೆ ಎರಡು ವರ್ಷ ಕೋಣೆ ಬಿಟ್ಟು ಬರಲಿಲ್ಲ ಅಂತ ಮನೆಯಲ್ಲಿ ಮಾತಿತ್ತು. ಡಾಕ್ಟರು ಅದನ್ನು ಕೇಳಿ ಬರೆದುಕೊಂಡರು. ವಂಶದಲ್ಲಿ ಇದ್ದರೆ ಬರುವ ಸಾಧ್ಯತೆ ಹೆಚ್ಚು, ಅದರ ಮೇಲೆ ಬದುಕಿನ ಪೆಟ್ಟು, ನಿದ್ದೆಗೇಡು, ಕುಡಿತ ಎಲ್ಲ ಸೇರುತ್ತೆ ಅಂದರು. ಕಷ್ಟ ಎಷ್ಟು ದೊಡ್ಡದು ಅಂತ ಅಳೆದು ಬರುವ ಕಾಯಿಲೆ ಅಲ್ಲ ಇದು.

ಈಗ ಮಾತ್ರೆಯ ವಿಷಯ. ಎಂಟು ದಿನಕ್ಕೆ ಪ್ರಯೋಜನ ಇಲ್ಲ ಅಂದರೆ ಗೊಬ್ಬರ ಹಾಕಿದ ಮರುದಿನ ಕಾಯಿ ಹುಡುಕಿದ ಹಾಗೆ. ಹೊಟ್ಟೆ ತೊಳಸುವುದು, ತಲೆನೋವು, ಒಂಥರಾ ಚಡಪಡಿಕೆ, ಇವು ಮೊದಲ ವಾರವೇ ಬಂದುಬಿಡುತ್ತವೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ತಿಳಿಯಲು ಆರೆಂಟು ವಾರ. ಹಾಗಾಗಿ ಮೊದಲ ದಿನಗಳಲ್ಲಿ ಕಾಟ ಮಾತ್ರ ಕಾಣುತ್ತೆ, ಬಹಳ ಜನ ಅಲ್ಲೇ ಬಿಡುತ್ತಾರೆ. ನನಗೆ ಊಟದ ನಂತರ ತಗೊಳ್ಳಿ ಅಂದರು, ಹತ್ತು ದಿನದಲ್ಲಿ ಹೊಟ್ಟೆ ಸರಿಹೋಯ್ತು. ಐದನೇ ವಾರ ನನ್ನ ಹೆಂಡತಿ, ‘ನೀವು ಇವತ್ತು ನಾಯಿಗೆ ಅನ್ನ ಹಾಕಿದಿರಿ’ ಅಂದಳು. ನಾನು ಗಮನಿಸಿಯೇ ಇರಲಿಲ್ಲ. ಗುಣ ಆಗುವುದು ಮೊದಲು ಪಕ್ಕದವರಿಗೆ ಕಾಣುತ್ತೆ ತಂಗಿ, ಆದ್ದರಿಂದ ನೀವು ನೋಡುತ್ತಿರಿ.

ನಾಲ್ಕು ತಿಂಗಳಿಗೆ ನಾನೂ ತಪ್ಪು ಮಾಡಿದೆ. ಚೆನ್ನಾಗಿದ್ದೀನಲ್ಲ ಅಂತ ಒಂದೇ ದಿನ ನಿಲ್ಲಿಸಿಬಿಟ್ಟೆ. ತಲೆಸುತ್ತು, ತಲೆಯೊಳಗೆ ಕರೆಂಟು ಹೊಡೆದ ಹಾಗೆ ಝುಂ ಅನ್ನೋದು, ಕೆಟ್ಟ ಕನಸು. ಚಟ ಆಗಿದೆ ಅಂತ ಹೆದರಿದೆ. ಚಟ ಅಂದರೆ ಇನ್ನೂ ಬೇಕು ಅನ್ನಿಸೋದು, ಪ್ರಮಾಣ ಏರಿಸ್ತಾ ಹೋಗೋದು, ಇದರಲ್ಲಿ ಅದಿಲ್ಲ, ಆದರೆ ಥಟ್ಟನೆ ನಿಲ್ಲಿಸಿದರೆ ಮೈ ತಡೆಯೋದಿಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದರು. ಎರಡು ತಿಂಗಳಲ್ಲಿ ಕಾಯಿಲೆಯೂ ವಾಪಸ್ಸು ಬಂತು. ಮತ್ತೆ ಶುರು ಮಾಡಿ, ಈ ಸಲ ಗುಣ ಕಂಡ ಮೇಲೂ ಒಂಬತ್ತು ತಿಂಗಳು ತಗೊಂಡು, ಆಮೇಲೆ ಅವರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಿದೆ. ಈಗ ಮಾತ್ರೆ ಇಲ್ಲ. ಮೇಲಿಂದ ಮೇಲೆ ಬರುವವರಿಗೆ ಎರಡು ವರ್ಷ, ಅದಕ್ಕಿಂತ ಹೆಚ್ಚೂ ಕೊಡುತ್ತಾರೆ. ಎಲ್ಲರಿಗೂ ಜೀವನಪೂರ್ತಿ ಅಲ್ಲ.

ಸಂಜೆಯ ಎರಡು ಪೆಗ್ ಬಗ್ಗೆ ನಾನು ಮೊದಲ ಸಲ ಡಾಕ್ಟರಿಗೆ ಸುಳ್ಳು ಹೇಳಿದ್ದೆ. ನಮ್ಮ ಊರಲ್ಲಿ ಅದನ್ನು ಕುಡಿತ ಅಂತ ಯಾರೂ ಲೆಕ್ಕ ಹಾಕಲ್ಲವಲ್ಲ. ಕುಡಿದರೆ ನಿದ್ದೆ ಬಂದ ಹಾಗಾಗುತ್ತೆ, ಮೂರಕ್ಕೆ ಎಬ್ಬಿಸುವುದೂ ಅದೇ, ಖಿನ್ನತೆಯನ್ನು ಇನ್ನೂ ಕೆಳಗೆ ಎಳೆಯುತ್ತೆ. ಅಣ್ಣನಿಗೆ ಅಭ್ಯಾಸ ಇದ್ದರೆ ಡಾಕ್ಟರಿಗೆ ಸತ್ಯ ಹೇಳಿ. ದಿನಾ ಜಾಸ್ತಿ ಕುಡಿಯುವವರಾದರೆ ಏಕಾಏಕಿ ನಿಲ್ಲಿಸುವುದೂ ಅಪಾಯ, ಕೇಳಿಯೇ ನಿಲ್ಲಿಸಬೇಕು. ಮದುವೆ ಮನೆಗಳಲ್ಲಿ ನಾನು ‘ಮಾತ್ರೆ ನಡೀತಿದೆ’ ಅಂತಿದ್ದೆ, ಬಿಪಿ ಮಾತ್ರೆ ಅಂದುಕೊಂಡು ಸುಮ್ಮನಾಗ್ತಿದ್ದರು.

ಮಡಿಕೇರಿಯಿಂದ, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು

ಮೇಲಿನ ಅಣ್ಣ ಹೇಳಿದ್ದೆಲ್ಲ ಸರಿ. ನಾನು ಮೊದಲು ಹೇಳಬೇಕಾದದ್ದು ಒಂದೇ. ‘ನನ್ನಿಂದ ನಿಮಗೆಲ್ಲ ತೊಂದರೆ’ ಅನ್ನುವ ಮಾತನ್ನು ಹಗುರವಾಗಿ ತಗೊಳ್ಳಬೇಡಿ. ಪಕ್ಕದಲ್ಲಿ ಕೂತು, ‘ಸಾಯಬೇಕು ಅಂತ ಯೋಚನೆ ಬರುತ್ತಾ ಅಣ್ಣ?’ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಅಂತ ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ. ಯಾರಾದರೂ ಕೇಳಿದರಲ್ಲ ಅಂತ ಜನ ಉಸಿರು ಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕೊಡಗಿನಲ್ಲಿ ಇನ್ನೊಂದು ಮಾತು ಹೇಳದೆ ಬಿಡಲಾರೆ. ಮನೆಯಲ್ಲಿ ಕೋವಿ ಇದ್ದರೆ ಅಣ್ಣ ಚೇತರಿಸಿಕೊಳ್ಳುವವರೆಗೆ ಅದು ಆ ಮನೆಯಲ್ಲಿ ಇರಬಾರದು. ಕೈಲ್ ಮುಹೂರ್ತದ ಹಬ್ಬಕ್ಕೆ ಪೂಜೆ ಮಾಡುವ ಕೋವಿಯನ್ನು ಆಚೆ ಕಳಿಸುವುದು ಹಿರಿಯರಿಗೆ ಕಷ್ಟ ಅನ್ನಿಸಬಹುದು. ಠಾಣೆಯಲ್ಲಿ ಠೇವಣಿ ಇಡುವ ದಾರಿ ಇದೆ. ತೋಟದ ಔಷಧಿ, ಕಳೆನಾಶಕ ಇಡುವ ಕೋಣೆಗೆ ಬೀಗ ಹಾಕಿ ಕೀಲಿ ನೀವು ಇಟ್ಟುಕೊಳ್ಳಿ. ಮಾತ್ರೆಯ ಸ್ಟ್ರಿಪ್ಪೂ ಅತ್ತಿಗೆಯ ಕೈಯಲ್ಲಿರಲಿ. ಆ ಯೋಚನೆ ಹಾದುಹೋಗುವವರೆಗೆ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತೆ. ಅಣ್ಣ ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆತನ್ನಿ.

ಎರಡು ವಾರಕ್ಕಿಂತ ಹೆಚ್ಚು, ದಿನದ ಬಹುಪಾಲು, ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಅದರ ಜೊತೆಗೆ ನಿದ್ದೆ, ಹಸಿವು, ಶಕ್ತಿ, ಏಕಾಗ್ರತೆ ಕೆಡುವುದು, ತಾನು ಕೆಲಸಕ್ಕೆ ಬಾರದವನು ಅನ್ನಿಸುವುದು, ಇದನ್ನೆಲ್ಲ ನೋಡಿ ಡಾಕ್ಟರು ಖಿನ್ನತೆ ಅನ್ನುತ್ತಾರೆ. ಕಕ್ಕಡದಿಂದ ಲೆಕ್ಕ ಹಾಕಿದರೆ ನಾಲ್ಕು ತಿಂಗಳಾಯಿತು, ಇನ್ನು ಕಾಯುವ ಮಾತೇ ಇಲ್ಲ. ಥೈರಾಯ್ಡ್, ಬಿ12, ರಕ್ತದ ಪರೀಕ್ಷೆ ಆಗಿದೆಯಾ ಕೇಳಿ, ಥೈರಾಯ್ಡ್ ಕಡಿಮೆಯಾದರೂ ಹೀಗೇ ಕಾಣುತ್ತೆ. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡದಷ್ಟು ಹುರುಪು, ಕೈಬಿಚ್ಚಿ ಖರ್ಚು, ಮಿತಿಮೀರಿದ ಮಾತು ಇದ್ದದ್ದುಂಟಾ ಅಂತ ನೆನಪಿಸಿಕೊಂಡು ಹೇಳಿ. ಹಾಗಿದ್ದರೆ ಕಾಯಿಲೆ ಬೇರೆ, ಔಷಧಿಯೂ ಬೇರೆ.

ಎಲ್ಲರೂ ‘ಮನಸ್ಸಿಗೆ ಬೇಜಾರು’ ಅಂತ ಹೇಳಿಕೊಂಡು ಬರುವುದಿಲ್ಲ. ತೋಟದ ಕೂಲಿಯವರ ಲೈನ್ ಮನೆಗಳ ಹೆಂಗಸರು ಮೈಕೈ ನೋವು, ಎದೆ ಭಾರ, ಸುಸ್ತು ಅಂತ ವರ್ಷಗಟ್ಟಲೆ ಬರುತ್ತಿದ್ದರು, ನೋವಿನ ಮಾತ್ರೆ ಕೊಟ್ಟು ಕಳಿಸುತ್ತಿದ್ದೆವು. ನಿದ್ದೆ ಹೇಗಿದೆ ಅಂತ ನಾವು ಮೊದಲೇ ಕೇಳಬೇಕಿತ್ತು. ಆ ಸಂಕಟ ನನಗೆ ಇವತ್ತಿಗೂ ಇದೆ.

ಎಲ್ಲಿ ತೋರಿಸುವುದು ಅಂದರೆ, ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೂ ಬರುತ್ತಾರೆ, ಸೋಮವಾರಪೇಟೆಗೆ ಯಾವ ದಿನ ಅಂತ ಅಲ್ಲೇ ಕೇಳಿಕೊಳ್ಳಿ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರಿನಲ್ಲಿ ಶುರುವಾಯಿತು, ದುಡ್ಡಿಲ್ಲ, ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಮಾಡಬಹುದು.

ಕುಶಾಲನಗರದಿಂದ, 29 ವರ್ಷದವರು

ಅಕ್ಕ, ನನಗೆ ಮಾತ್ರೆ ಜೊತೆ ಮಾತಿನ ಚಿಕಿತ್ಸೆಯೂ ಆಯ್ತು. ಸಮಾಧಾನ ಹೇಳ್ತಾರೆ ಅಂದುಕೊಂಡು ಹೋಗಿದ್ದೆ, ಅವರು ಮನೆಕೆಲಸ ಕೊಟ್ಟರು. ದಿನಕ್ಕೆ ಒಂದು ಚಿಕ್ಕ ಕೆಲಸ, ಮನಸ್ಸು ಬರಲಿ ಬಿಡಲಿ, ಗಂಟೆ ನೋಡಿ ಮಾಡಬೇಕು, ಮಾಡಿದ ಮೇಲೆ ಹೇಗನಿಸಿತು ಬರೆದಿಡಬೇಕು. ಮನಸ್ಸು ಬಂದಮೇಲೆ ಮಾಡ್ತೀನಿ ಅಂತ ನಾವು ಕಾಯ್ತೀವಿ, ಈ ಕಾಯಿಲೆಯಲ್ಲಿ ಅದು ತಿರುವುಮುರುವು, ಮಾಡಿದಮೇಲೆ ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತೆ ಅಂದರು. ನನ್ನ ಮೊದಲ ಕೆಲಸ ತಲೆ ಬಾಚೋದು. ನಿಮ್ಮ ಅಣ್ಣನಿಗೆ ಇಡೀ ತೋಟ ಸುತ್ತಿ ಬಾ ಅನ್ನಬೇಡಿ. ಗೇಟಿನವರೆಗೆ ನೀವು ಜೊತೆಗೆ ಹೋಗಿ, ಒಂದು ಬಳ್ಳಿ ನೋಡಿ ವಾಪಸ್ಸು ಬನ್ನಿ.

ಇನ್ನೊಂದು. ನನಗೆ ಅಳು ಬರೋದು ಕೊಡವ ತಕ್ಕ್‌ನಲ್ಲಿ. ಕನ್ನಡದಲ್ಲಿ ಎಲ್ಲ ನೆಟ್ಟಗೆ ಹೇಳಿಬಿಡ್ತಿದ್ದೆ, ಒಳಗಿನದು ಬರ್ತಾ ಇರಲಿಲ್ಲ. ಅವರು ‘ನಿಮ್ಮ ಭಾಷೆಯಲ್ಲೇ ಹೇಳಿ, ಆಮೇಲೆ ಅರ್ಥ ಹೇಳಿ’ ಅಂದ ದಿನ ಚಿಕಿತ್ಸೆ ನಿಜವಾಗಿ ಶುರುವಾಯ್ತು. ಅಣ್ಣ ಯಾವ ಭಾಷೆಯಲ್ಲಿ ಮಾತಾಡಿದರೆ ಸುಲಭವೋ ಅದರಲ್ಲೇ ಮಾತಾಡಲಿ.

ನಾಪೋಕ್ಲು ಕಡೆಯವರು

ನಮ್ಮ ಅವ್ವ ಊಟ ಬಿಟ್ಟು, ಕೊನೆಗೆ ನೀರೂ ಬಿಟ್ಟರು. ಮಾತ್ರೆಗೆ ಕಾಯುವಷ್ಟು ಸಮಯ ಇರಲಿಲ್ಲ. ಮೈಸೂರಿನಲ್ಲಿ ಇಸಿಟಿ, ಜನ ‘ಕರೆಂಟ್ ಕೊಡೋದು’ ಅಂತಾರಲ್ಲ ಅದು, ಮಾಡೋಣ ಅಂದರು. ನಾನು ಸಹಿ ಹಾಕದೆ ಒಂದು ರಾತ್ರಿ ಕಾರಿಡಾರಿನಲ್ಲಿ ಕೂತೆ. ಸಿನಿಮಾದಲ್ಲಿ ನೋಡಿದ್ದು ಬಿಟ್ಟರೆ ನಮಗೇನು ಗೊತ್ತು. ನಿಜದಲ್ಲಿ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧಿ ಕೊಟ್ಟು, ಕೆಲವು ಸೆಕೆಂಡು ಮಾಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅವೆರಡೂ ಇಲ್ಲದೆ ಮಾಡುವ ಹಾಗೇ ಇಲ್ಲ. ಮೂರನೆಯದಾದ ಮೇಲೆ ಅವ್ವ ಕಾಫಿ ಕೇಳಿದರು. ಒಟ್ಟು ಎಂಟು ಆಯ್ತು. ಆಸ್ಪತ್ರೆಯಲ್ಲಿದ್ದ ದಿನಗಳು ಅವರಿಗೆ ಸರಿಯಾಗಿ ನೆನಪಿಲ್ಲ, ಅಷ್ಟು ನಿಜ. ಎಲ್ಲರಿಗೂ ಇದು ಬೇಕಾಗಲ್ಲ. ಆದರೆ ಊಟ ಎರಡು ತುತ್ತು ಅಂದಿರಲ್ಲ, ಅದು ಇನ್ನೂ ಕಡಿಮೆಯಾದರೆ ತಡ ಮಾಡಬೇಡಿ.

ಜೋಯಿಸರ ವಿಷಯಕ್ಕೆ ನಾವು ಜಗಳ ಆಡಲಿಲ್ಲ. ಅತ್ತೆ ಹರಕೆ ಹೊತ್ತರು, ತೀರಿಸಿದರು. ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಕೇಳಿದವರು

ನಿನ್ನೆ ರಾತ್ರಿ ಜಗಲಿಯಲ್ಲಿ ಪಕ್ಕ ಕೂತು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, ‘ಒಂದೆರಡು ಸಲ ಬಂದಿತ್ತು’ ಅಂದ. ಆಮೇಲೆ ನನ್ನ ಕೈ ಬಿಡಲೇ ಇಲ್ಲ. ಆಗಲೇ 14416ಕ್ಕೆ ಮಾಡಿದೆವು, ಅವನೂ ಎರಡು ಮಾತಾಡಿದ. ರಾತ್ರಿಯೆಲ್ಲ ನಾನೂ ಅತ್ತಿಗೆಯೂ ಜೊತೆಗೇ ಇದ್ದೆವು. ಬೆಳಗ್ಗೆ ಚಿಕ್ಕಪ್ಪನೇ ಬಂದು ಕೋವಿ ತಗೊಂಡು ಠಾಣೆಗೆ ಹೋದರು, ಏನೂ ಮಾತಾಡಲಿಲ್ಲ. ಈಗ ಮಡಿಕೇರಿಗೆ ಹೊರಟಿದ್ದೇವೆ. ಬಿಟ್ಟ ಮಾತ್ರೆ ಇವತ್ತೇ ಮತ್ತೆ ಶುರು ಮಾಡಲಾ?

ಮಡಿಕೇರಿಯ ನರ್ಸ್

ನೀವಾಗಿ ಶುರು ಮಾಡಬೇಡಿ, ಹೇಗಿದ್ದರೂ ಡಾಕ್ಟರ ಹತ್ತಿರವೇ ಬರುತ್ತಿದ್ದೀರಲ್ಲ. ಹಳೆಯ ಚೀಟಿ, ಉಳಿದ ಸ್ಟ್ರಿಪ್ಪು, ಬಿಪಿ ಶುಗರಿಗೆ ಬೇರೆ ಮಾತ್ರೆ ಇದ್ದರೆ ಅದನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಅಣ್ಣ ನಿನ್ನೆ ಹೇಳಿದ ಮಾತನ್ನು ಚೀಟಿ ಮಾಡಿಸುವಾಗಲೇ ಹೇಳಿ, ಬೇಗ ಒಳಗೆ ಕರೆಯುತ್ತಾರೆ. ದಾರಿಯಲ್ಲಿ ಅವರಿಗೆ ಏನಾದರೂ ಬಿಸಿ ಕುಡಿಸಿ.